ಏಳೂಕಾಲರ ನೆರಳು

2022ರಲ್ಲಿ ಸರ್ಕಾರಿ ಇಲಾಖೆಯೊಂದರ ಫೋಟೋಗ್ರಾಫರ್ ಹುದ್ದೆಯಿಂದ ನಿವೃತ್ತನಾಗಿ ಚಿಂತಾಮಣಿಯಲ್ಲಿ ನೆಲೆಸಿದೆ. ದಿನಚರಿ ಬದಲಾಗಲಿಲ್ಲ: ಐದಕ್ಕೆ ಏಳುವುದು, ಆರಕ್ಕೆ ಲೆನ್ಸ್ ಒರೆಸುವುದು. ಅದೇ ವರ್ಷ ವೆಂಕಟರವಣಪ್ಪನವರು ಮಗಳು ಪದ್ಮಳ ಜೊತೆ, ನಾನು ಮನೆ, ಗಾಡಿಗಳ ಪುಟ್ಟ ಮಾಡೆಲ್‌ಗಳ ಫೋಟೋ ತೆಗೆಯುತ್ತೇನೆಂದು ಕೇಳಿ, ನನ್ನ ಮನೆಗೆ ಬಂದರು. ಇಪ್ಪತ್ತಾರು ವರ್ಷ ಮುರುಗಮಲ್ಲದ ಬಸ್ಸು ಓಡಿಸಿದವರು. ಸಕ್ಕರೆ ಕಾಯಿಲೆಯಿಂದ ಒಂದು ಕಣ್ಣು ಹೋಗಿತ್ತು. ಇನ್ನೊಂದೂ ಹೆಚ್ಚು ದಿನ ಉಳಿಯದೆಂದು ಡಾಕ್ಟರು ಹೇಳಿದ್ದರು.

ಪದ್ಮಳ ಕೈಯಲ್ಲಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಅವರೇ ತಗಡಿನಲ್ಲಿ ಮಾಡಿದ ಆ ಬಸ್ಸಿನ ಮಾಡೆಲ್ ಇತ್ತು. ನಿಜ ಬಸ್ಸಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು.

"ಬಸ್ಸು ಗುಜರಿಗೆ ಹೋಯ್ತು ಸಾರ್. ಒಂದು ಫೋಟೋನೂ ಇಲ್ಲ. ಕಣ್ಣಿರೋವಾಗ್ಲೇ ಒಂದ್ಸಲ ಅದನ್ನ ರಸ್ತೆ ಮೇಲೆ ನೋಡ್ಬೇಕು."

"ನನ್ ಮದುವೆ ಫೋಟೋಗೂ ಇಷ್ಟು ಆತುರ ಇರ್ಲಿಲ್ಲ ಅಂಕಲ್," ಎಂದಳು ಪದ್ಮ.

"ನಿನ್ ಮದುವೆಗೆ ಡ್ಯೂಟಿ ಬಿಟ್ಟು ಬಂದಿದ್ದೆ ಕಣಮ್ಮ, ಸಾಲ್ದಾ?"

ಮಾಡೆಲ್ ನಿಜವಾಗಿ ಕಾಣಬೇಕಾದರೆ ಕ್ಯಾಮೆರಾ ಅದರ ಲೋಕಕ್ಕೆ ಇಳಿಯಬೇಕು. ನಿಂತ ಮನುಷ್ಯನ ಕಣ್ಣಿನ ಎತ್ತರ ಈ ಅಳತೆಯಲ್ಲಿ ಏಳು ಸೆಂಟಿಮೀಟರ್. ಲೆನ್ಸ್ ಅಲ್ಲಿಗೇ ಬಂತು. ರಸ್ತೆಯ ಹಿಂದಿನ ಗುಡ್ಡವೂ ಸ್ಪಷ್ಟವಾಗಿ ಬರಲೆಂದು ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ಕಿರಿದಾಗಿಸಿದೆ. ಸಣ್ಣ ಕಲ್ಲೂ ಬಂಡೆಯಂತೆ ಕಾಣುತ್ತದೆ. ಹಾಗಾಗಿ ಮಣ್ಣನ್ನು ರಾಗಿಹಿಟ್ಟಿನ ಜರಡಿಯಲ್ಲಿ ಸೋಸಿದೆ. ಮುರುಗಮಲ್ಲದ ರಸ್ತೆ ಬದಿ ಸ್ಟೂಲಿನ ಮೇಲೆ ಹಲಗೆಯಿಟ್ಟು, ಆ ಮಣ್ಣು ಹರಡಿ ಮಾಡೆಲ್ ನಿಲ್ಲಿಸಿ, ಹಲಗೆಯ ಅಂಚು ನಿಜವಾದ ರಸ್ತೆಗೆ ಕೂಡುವಂತೆ ಹೊಂದಿಸಿ, ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದೆ. ಮೂವತ್ತು ವರ್ಷದ ನನ್ನ ಕೆಲಸದಲ್ಲಿ ಅಷ್ಟು ಚೊಕ್ಕವಾದ ಚಿತ್ರ ಕಡಿಮೆ.

ವೆಂಕಟರವಣಪ್ಪ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಕಾದು," ಎಂದು ತೆಲುಗಿನಲ್ಲೇ ಹೇಳಿ, ಅಲ್ಲವೆಂದು ತಲೆಯಾಡಿಸಿದರು. "ಇದು ನನ್ ಬಸ್ಸಲ್ಲ ಸಾರ್."

"ನೀವೇ ಮಾಡಿದ್ದಲ್ವಾ?"

"ನೆರಳು ನೋಡಿ, ರಸ್ತೆ ಮೇಲೆ ಬಿದ್ದಿದೆ. ನಂದು ಬೆಳಗಿನ ಟ್ರಿಪ್ಪು. ಏಳೂಕಾಲಕ್ಕೆ ಇಲ್ಲಿ ಬಂದ್ರೆ ನೆರಳು ಎಡಗಡೆ ಹೊಲದ ಮೇಲೆ ನನ್ ಜೊತೇಲೇ ಓಡೋದು. ಸಂಜೆ ಈ ರಸ್ತೇಲಿ ಇನ್ನೊಬ್ಬ ಡ್ರೈವರ್ ಬರ್ತಿದ್ರು."

ಅಳತೆಯನ್ನೆಲ್ಲ ಕೇಳಿದ್ದೆ, ಹೊತ್ತನ್ನು ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೋಡ. ಅದರ ಮಾರನೆಯ ದಿನವೂ ಮೋಡ. "ಅಪ್ಪಂಗೆ ಅಕ್ಷರ ಕಾಣ್ತಿಲ್ಲ ಅಂಕಲ್," ಎಂದು ಪದ್ಮ ಫೋನಿನಲ್ಲಿ ಹೇಳಿದಳು. ಮೂರನೆಯ ದಿನ ಬಿಸಿಲು ಬಂತು. ಹಲಗೆ ಹೊಂದಿಸುವುದರಲ್ಲಿ ಸ್ವಲ್ಪ ತಡವಾಯಿತು, ಆದರೂ ನೆರಳು ಹೊಲದ ಕಡೆಗೇ ಬಿತ್ತು. ಈ ಸಲ ಬಾಗಿಲಗಲದ ಪ್ರಿಂಟ್ ಹಾಕಿಸಿ ಅಂದೇ ಒಯ್ದೆ.

ಅವರು ಕಾಗದಕ್ಕೆ ಮೂಗು ತಾಗುವಷ್ಟು ಬಗ್ಗಿ, ಇಂಚಿಂಚಾಗಿ ನೋಡುತ್ತಾ ಹೋದರು. ಎಡಗಡೆ, ನೆರಳಿನ ಮೇಲೆ, ಅವರ ನೋಟ ನಿಂತಿತು.

"ಎಷ್ಟೊತ್ತಿಗೆ ತೆಗೆದ್ರಿ?"

"ಏಳು ಇಪ್ಪತ್ತು."

"ಐದು ನಿಮಿಷ ಲೇಟು," ಎಂದರು. ಕಣ್ಣು ಮಾತ್ರ ಅಲ್ಲಿಂದ ಕದಲಲಿಲ್ಲ.

ಆ ತಿಂಗಳು ಮುಗಿಯುವುದರೊಳಗೆ ಅವರ ದೃಷ್ಟಿ ಪೂರ್ತಿ ಹೋಯಿತು. ಈಗಲೂ ಯಾರಾದರೂ ಮನೆಯದೋ ಗಾಡಿಯದೋ ಮಾಡೆಲ್ ತಂದರೆ, ಟೇಪು ಹಿಡಿಯುವ ಮೊದಲು ನಾನು ಕೇಳುತ್ತೇನೆ: "ನೀವು ಇದನ್ನ ಎಷ್ಟೊತ್ತಿಗೆ ನೋಡ್ತಿದ್ರಿ?"