ಬಾಣಂತಿ ಕೋಣೆಯ ಬೆವರು

ಗೋಡೆ ಬೆವರುತ್ತಿತ್ತು. ಯಾವ ಗೋಡೆ, ತೊಟ್ಟಿಲ ಪಕ್ಕದ್ದೋ ಬಚ್ಚಲಿನ ಕಡೆಯದೋ? ನೆನಪು ಈಗ ನಾಲ್ಕಕ್ಕೂ ನೀರು ಬಳಿಯುತ್ತದೆ. ಅದನ್ನು ನಾನು ನಂಬುವುದಿಲ್ಲ. ಮಗುವಿನ ಎದೆಯ ಗೊರಗೊರ ಸದ್ದನ್ನು ಮಾತ್ರ ನಂಬುತ್ತೇನೆ.

ಮಾಗಿಯ ಚಳಿ. ಹೆರಿಗೆಗೆಂದು ದೊಡ್ಡಬಳ್ಳಾಪುರದ ಹತ್ತಿರದ ತವರಿಗೆ ಬಂದಿದ್ದೆ. ಹಂಚಿನ ಮನೆ ಕೆಡವಿ ಹೊಸದಾಗಿ ಕಟ್ಟಿದ ತಾರಸಿ ಮನೆ. ಬಾಣಂತಿಗೂ ಕೂಸಿಗೂ ಶೀತಗಾಳಿ ಸೋಕಬಾರದೆಂದು ಅಮ್ಮ ಕಿಟಕಿಯ ಗಾಜು ಎಳೆದು, ಸಂದಿಗೆ ಹಳೇ ಸೀರೆ ತುರುಕಿದ್ದಳು. ಪಕ್ಕದ ಬಚ್ಚಲಲ್ಲಿ ಹಂಡೆಗಟ್ಟಲೆ ಬಿಸಿನೀರು, ಹಬೆಯೆಲ್ಲ ಕೋಣೆಗೇ. ಹಗ್ಗದ ತುಂಬ ಮಗುವಿನ ಒದ್ದೆ ಬಟ್ಟೆ. ಮಂಚದ ಕೆಳಗೆ ಕೆಂಡ, ಸಾಂಬ್ರಾಣಿ.

ಗೋಡೆಯಲ್ಲಿ ಕಪ್ಪು ಬೂಷ್ಟು ಮೂಡಿತು. ಅಮ್ಮ ಒರೆಸಿದಳು. ಮತ್ತೆ ಮೂಡಿತು. ಎಲ್ಲಿಂದಲೋ ಶೀತ ನುಗ್ಗುತ್ತಿದೆ ಎಂದು ಕೆಂಡ ಹೆಚ್ಚಿಸಿದಳು. ಗಾಜಿನ ಮೇಲೆ ನೀರು ಗೆರೆಗೆರೆಯಾಗಿ ಇಳಿಯಿತು. ಮಗು ಮೊಲೆ ಬಿಟ್ಟು, ಉಸಿರಿಗಾಗಿ ಬಾಯಿ ತೆರೆಯತೊಡಗಿತು.

ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಬಂದ ತಮ್ಮ ಬಾಗಿಲಲ್ಲೇ ನಿಂತ. "ಅಮ್ಮೋ, ಇಡ್ಲಿ ಬೇಯಿಸ್ತಿದ್ಯಾ, ಮೊಮ್ಮಗೂನ ಬೇಯಿಸ್ತಿದ್ಯಾ?"

"ಮುಚ್ಲಾ ಬಾಯ್ನ. ನಿಮ್ಮಿಬ್ರನ್ನೂ ಹಿಂಗೇ ಸಾಕಿದ್ದು."

"ಆವಾಗ ಹಂಚಿನ ಸಂದೀಲಿ ಹಬೆ, ಹೊಗೆ ಎಲ್ಲಾ ಆಚೆ ಹೋಗ್ತಿತ್ತು. ಇದು ಡಬ್ಬಿ ಕಣಮ್ಮ."

ಇದನ್ನು ಅವನು ಹೇಳಿದನೋ, ಆಮೇಲೆ ನಾನೇ ಅವನ ಬಾಯಿಗೆ ತುಂಬಿದೆನೋ, ಗೊತ್ತಿಲ್ಲ. ಮಾರನೆಯ ದಿನ ಮಕ್ಕಳ ಡಾಕ್ಟರು ಹೇಳಿದ್ದಂತೂ ನಿಜ: "ಕೆಂಡ, ಒದ್ದೆ ಬಟ್ಟೆ ಎರಡೂ ಆಚೆ ಹಾಕಿ. ಕಿಟಕಿ ತೆಗೀರಿ. ಕಮ್ಮಿ ಆಗ್ಲಿಲ್ಲಾಂದ್ರೆ ಅಡ್ಮಿಟ್ ಮಾಡ್ಬೇಕಾಗುತ್ತೆ."

ಮನೆಗೆ ಬಂದವಳೇ ಅಮ್ಮ ಸಂದಿಯ ಸೀರೆ ಕಿತ್ತು, ಗಾಜನ್ನು ಒಂದು ಗೇಣು ಸರಿಸಿ, ಅಲ್ಲೇ ತಲೆಗೆ ಸೆರಗು ಹೊದ್ದು ಬೆನ್ನು ಕೊಟ್ಟು ಕೂತಳು.

"ಅಡ್ಡ ಕೂತ್ರೆ ತೆಗೆದು ಏನ್ ಬಂತಮ್ಮ?"

"ಗಾಳಿ ಬರ್ಲಿ ಬಿಡೇ. ನನ್ ಮೈಗೆ ತಾಕಿ, ಬೆಚ್ಚಗಾಗಿ ಬರ್ಲಿ."

ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಗಲಿಲ್ಲ. ಆದರೆ ಚಳಿ ಮುಗಿಯುವವರೆಗೂ ಎದೆಯ ಸದ್ದು ಪೂರ್ತಿ ಹೋಗಲಿಲ್ಲ. ಮಗು ಕೆಮ್ಮಿದಾಗಲೆಲ್ಲ ಅಮ್ಮ ಒಮ್ಮೆ ಕಿಟಕಿಯನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು. ಕೈ ಚಾಚಿದ್ದರೆ ಮುಚ್ಚಬಹುದಿತ್ತು. ಚಾಚಲಿಲ್ಲ, ತನ್ನ ಕೈಯನ್ನು ತಾನೇ ಹಿಡಿದುಕೊಂಡು ಕೂತಿರುತ್ತಿದ್ದಳು.