ವಿಲ್ಮಾಳ ಮೂವತ್ತೊಂದು ಕಲ್ಲುಗಳು

ವಿಲ್ಮಾ ಹ್ಯಾಸಿಂಜರ್ ಇಪ್ಪತ್ತಾರು ವರ್ಷಗಳಲ್ಲಿ ಹ್ಯಾಚೆಟ್ ದಿಬ್ಬದ ಸೈಕಲ್ ದಾರಿಯಿಂದ ಒಂದು ಕಲ್ಲನ್ನೂ ತೆಗೆದವಳಲ್ಲ, ತೆಗೆಯಲು ಯಾರನ್ನೂ ಬಿಟ್ಟವಳಲ್ಲ. ಪೆನ್ಸಿಲ್ವೇನಿಯಾದ ಆ ಬೆಟ್ಟಗಳಲ್ಲಿ ಕಲ್ಲಿಗೇನೂ ಬರವಿಲ್ಲ. ಆದರೂ ಒಂದು ಕದಲಿದರೆ ಅವಳಿಗೆ ಗೊತ್ತಾಗುತ್ತಿತ್ತು. ಸೈಕಲ್ ಸಂಘದ ಮೊದಲ ನಿಯಮ ಬರೆದವಳೂ ಅವಳೇ: ಕಲ್ಲು ಇದ್ದಲ್ಲೇ ಇರಬೇಕು, ಕಲಿಯಬೇಕಾದವರು ನಾವು. ಬೂಟುಗಾಲಿನಿಂದ ಒಂದೇ ಒಂದು ಕಲ್ಲು ಸರಿಸಿದ್ದಕ್ಕೆ ಒಬ್ಬ ದಂತವೈದ್ಯನನ್ನು ಸಂಘದಿಂದ ಹೊರಗೆ ಹಾಕಿಸಿದ್ದಳು. ಆತ ಅವಳದೇ ದಂತವೈದ್ಯ. ಅಂದಿನಿಂದ ಹಲ್ಲು ನೋವು ಬಂದರೆ ಅವಳು ಮೂವತ್ತು ಮೈಲಿ ಆಚೆಗಿನ ಊರಿಗೆ ಹೋಗಿ ಬರುತ್ತಿದ್ದಳು.

ಹೊಟ್ಟೆಪಾಡಿಗೆ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಅವಳ ಸೈಕಲ್ಲು ಉಕ್ಕಿನದು. ಅದರ ಹಿಂದಿನ ಚಕ್ರಕ್ಕೆ ಸ್ಪ್ರಿಂಗಿನ ಮಾತೇ ಇಲ್ಲ, ಕಲ್ಲು ಕೊಟ್ಟ ಪೆಟ್ಟು ನೆಟ್ಟಗೆ ಬೆನ್ನಿಗೆ. ಹಿಂದೆ ಮುಂದೆ ಎರಡೂ ಕಡೆ ಪೆಟ್ಟು ನುಂಗುವ ಸಸ್ಪೆನ್ಷನ್ ಇರುವ ಸೈಕಲ್ಲುಗಳನ್ನು ಅವಳು ಸೋಫಾ ಎನ್ನುತ್ತಿದ್ದಳು. ಯಾರಾದರೂ ಹೊಸದೊಂದನ್ನು ತಂದು ತೋರಿಸಿದರೆ, "ಚೆನ್ನಾಗಿದೆ. ಟೀವಿ ಎಲ್ಲಿಡ್ತೀಯ?" ಎಂದು ಕೇಳುತ್ತಿದ್ದಳು. ಪ್ರತಿ ಬುಧವಾರ ಸಂಜೆ ಹ್ಯಾಚೆಟ್ ದಿಬ್ಬವನ್ನು ಈ ತುದಿಯಿಂದ ಆ ತುದಿಗೆ ಕಾಲು ನೆಲಕ್ಕೆ ಊರದೆ ದಾಟುವುದು ಅವಳ ವ್ರತ. ಆ ವ್ರತದಲ್ಲಿ ದೇವರು, ಪೂಜೆ, ಪ್ರಸಾದ ಎಲ್ಲವೂ ಕಲ್ಲೇ.

ಐವತ್ತೆಂಟಕ್ಕೆ ಬೆನ್ನು ತಕರಾರು ತೆಗೆಯಿತು. ಮೊದಲು ಒಂದು ಕಡೆ ಕಾಲು ಊರಿದಳು, ಆಮೇಲೆ ಐದು ಕಡೆ. ಏಪ್ರಿಲ್ ತಿಂಗಳ ಒಂದು ಬುಧವಾರ, ದಾರಿಯ ಮಧ್ಯೆ ಹಂದಿಮೂತಿಯಂತೆ ಚಾಚಿಕೊಂಡ ಕಲ್ಲಿನ ಮೇಲೆ ಹಿಂಚಕ್ರ ಕುಕ್ಕಿದ್ದೇ ತಡ, ಅವಳು ಪಕ್ಕದ ಜರಿಗಿಡಗಳಲ್ಲಿ ಬಿದ್ದಿದ್ದಳು. ಡಾಕ್ಟರು ಬೆನ್ನಿನ ಎಕ್ಸ್-ರೇ ತೆಗೆಸಿ ನೋಡಿ, ಮೂರು ವಾರ ಸೈಕಲ್ ಮುಟ್ಟಬೇಡಿ ಎಂದರು. ಆಮೇಲೂ ಆ ಸೈಕಲ್ಲಿನಲ್ಲಿ ಆ ಕಲ್ಲುಗಳ ಮೇಲೆ ಹೋಗುವುದಾದರೆ ತಮ್ಮಲ್ಲಿಗೆ ಬರಬೇಡಿ ಎಂದೂ ಹೇಳಿದರು. ವಿಲ್ಮಾ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಅಂಗಾತ ಮಲಗಿ, "ಹ್ಯಾಚೆಟ್ ಮುಗೀತು ಹಾರ್ಲನ್" ಎಂದು ಅತ್ತಳು. ಗಂಡ ಹಾರ್ಲನ್ ಅಂಚೆಯಣ್ಣನಾಗಿದ್ದು ನಿವೃತ್ತನಾದವನು, ಸೈಕಲ್ ಹತ್ತಿದವನಲ್ಲ, ಮಾತೂ ಕಡಿಮೆ. ಸೂಪಿನ ಒಲೆ ಆರಿಸಿ, ಅವಳ ತಲೆಯಡಿಗೆ ಒಂದು ದಿಂಬು ತಂದಿಟ್ಟು ಹೋದ.

ಮೂರು ವಾರ ಕಳೆದ ಮೇಲೆ ಡಾಕ್ಟರ ಮಾತು ಮೀರಿ ಅವಳು ಒಬ್ಬಳೇ ಹ್ಯಾಚೆಟ್ ಹತ್ತಿದಳು. ಒಮ್ಮೆಯೂ ಕಾಲು ಊರಲಿಲ್ಲ. ಆ ತುದಿ ತಲುಪಿದಾಗ ಖುಷಿಗೆ ಕಣ್ಣಲ್ಲಿ ನೀರು ಬಂತು. ನೀರು ಒರೆಸಿಕೊಳ್ಳುವಷ್ಟರಲ್ಲಿ ಅನುಮಾನವೂ ಬಂತು. ತಿರುಗಿ ನಡೆದುಕೊಂಡೇ ಬಂದು ನೋಡಿದಳು. ಹಂದಿಮೂತಿ ಇರಲಿಲ್ಲ. ಅದಿದ್ದ ಕಡೆ ಒಂದು ಗುಂಡಿ, ಗುಂಡಿಗೆ ಮಣ್ಣು ತುಂಬಿ ಮೇಲೆ ಒಣಗಿದೆಲೆ ಹರಡಿ ಅಚ್ಚುಕಟ್ಟು ಮಾಡಿದ್ದರು. ಮುಂದೆ ಇನ್ನೊಂದು, ಮತ್ತೊಂದು. ಹಲ್ಲು ಕಿತ್ತ ಬಾಯಂತಾಗಿತ್ತು ಹ್ಯಾಚೆಟ್.

ಅವಳಿಗೆ ಮೊದಲು ನೆನಪಾದದ್ದು ದಂತವೈದ್ಯನೇ. ಶನಿವಾರ ಬೆಳಗ್ಗೆ, ಹಾರ್ಲನ್ ನಾಯಿಯನ್ನು ಅಡ್ಡಾಡಿಸಲು ಹೋದ ಮೇಲೆ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ದಿಬ್ಬಕ್ಕೆ ಹೋಗಿ ಒಂದು ಹೆಮ್ಲಾಕ್ ಮರದ ಹಿಂದೆ ಕಾದು ಕೂತಳು. ಒಂಬತ್ತು ಗಂಟೆಗೆ ಚಕ್ರದ ಕೀರಲು ಸದ್ದು ಕೇಳಿಸಿತು. ಮೊದಲು ಕಂಡದ್ದು ನಾಯಿ ಡೋರಿಸ್. ಹಿಂದೆ ಒಂದು ಕೈಗಾಡಿ, ಅದರಲ್ಲಿ ಹಾರೆ ಮತ್ತು ಊಟದ ಡಬ್ಬಿ. ಗಾಡಿ ತಳ್ಳುತ್ತಿದ್ದವನು ಹಾರ್ಲನ್.

"ಏನೋ ಇದು?" ಎಂದಳು ವಿಲ್ಮಾ.

"ಹಾರೆ."

"ಹಾರೆ ಅಂತ ನಂಗೂ ಕಾಣ್ಸುತ್ತೆ! ಎಷ್ಟು ತೆಗ್ದಿದ್ದೀಯ?"

"ಮೂವತ್ತೊಂದು. ಇವತ್ತು ಇನ್ನೆರಡು ತೆಗೀಬೇಕು ಅಂತಿದ್ದೆ."

"ನನ್ನ ನಿಯಮ ಗೊತ್ತಲ್ವಾ ನಿಂಗೆ? ಆ ಹಲ್ಲಿನ ಡಾಕ್ಟ್ರನ್ನೇ ಓಡ್ಸಿದೀನಿ ನಾನು!"

"ನಾನು ಸಂಘದ ಸದಸ್ಯ ಅಲ್ವಲ್ಲೇ. ಹೇಗೆ ಓಡಿಸ್ತೀಯ?"

ಹಾರ್ಲನ್ ಗಾಡಿ ಇಳಿಸಿ, ಟೋಪಿ ತೆಗೆದು, ಅದರ ಒಳಗನ್ನು ನೋಡುತ್ತಾ ಹೇಳಿದ: "ನೀನು ಅಳೋದನ್ನ ನಾನು ಎರಡೇ ಸಲ ನೋಡಿರೋದು. ನಿಮ್ಮಮ್ಮ ಹೋದಾಗ ಒಂದ್ಸಲ. ಆವತ್ತು ಅಡುಗೆಮನೇಲಿ ಇನ್ನೊಂದ್ಸಲ. ನಿನ್ನ ಬೆನ್ನು ರಿಪೇರಿ ಮಾಡೋಕೆ ನಂಗೆ ಬರಲ್ಲ. ಕಲ್ಲೆತ್ತೋಕೆ ಬರುತ್ತೆ."

ವಿಲ್ಮಾಳಿಗೆ ಸಿಟ್ಟೂ ಇತ್ತು, ಅದಕ್ಕಿಂತ ಹೆಚ್ಚಾಗಿ ಈ ಮನುಷ್ಯನ ಮೇಲೆ ಪ್ರೀತಿಯೂ ಉಕ್ಕಿ ಬಂದಿತ್ತು. ಎರಡನ್ನೂ ಒಟ್ಟಿಗೆ ಸಂಭಾಳಿಸುವುದು ಅವಳಿಗೆ ಅಭ್ಯಾಸವಿರಲಿಲ್ಲ.

"ಎಲ್ಲಿ ಎಸ್ದಿದೀಯ?" ಎಂದು ಕೇಳಿದಳು.

ಎಸೆದಿರಲಿಲ್ಲ. ಉರುಳಿಬಿದ್ದ ಓಕ್ ಮರದ ಹಿಂದೆ ಮೂವತ್ತೊಂದು ಕಲ್ಲುಗಳೂ ಸಾಲಾಗಿ ಕೂತಿದ್ದವು. ಪ್ರತಿಯೊಂದರ ತಳದಲ್ಲಿ ಬಿಳಿ ಬಣ್ಣದ ಸಂಖ್ಯೆ. ಹಾರ್ಲನ್ ಜೇಬಿನಿಂದ ಒಂದು ಪುಸ್ತಕ ತೆಗೆದು ಕೊಟ್ಟ. ಅದರಲ್ಲಿ ಅಂಚೆಯವನ ದುಂಡು ಅಕ್ಷರದಲ್ಲಿ ಒಂದೊಂದು ಕಲ್ಲಿಗೂ ವಿಳಾಸವಿತ್ತು: ಹತ್ತೊಂಬತ್ತು, ಬಾಗಿದ ಹೆಮ್ಲಾಕಿನಿಂದ ನಾಲ್ಕು ಹೆಜ್ಜೆ, ಮೂತಿ ಪಶ್ಚಿಮಕ್ಕೆ, ಅರ್ಧ ಹೂತಿದೆ.

"ಇದ್ಯಾಕೆ ಬರ್ದೆ?"

"ವಾಪಸ್ ಕಳಿಸ್ಬೇಕಾಗುತ್ತೆ ಅಂತ ಗೊತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಆಯ್ತಲ್ಲೇ ನಿನ್ನ ಕಟ್ಕೊಂಡು."

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಕಲ್ಲು ಇರಬೇಕು, ವಿಲ್ಮಾಳೂ ಇರಬೇಕು. ಹಾಗಾದರೆ ಹೋಗಬೇಕಾದದ್ದು ಸೈಕಲ್ಲು. ಅದೇ ಮಧ್ಯಾಹ್ನ ಇಬ್ಬರೂ ಡೆನ್ನಿ ಝೂಕನ ಸೈಕಲ್ ಅಂಗಡಿಗೆ ಹೋದರು. ಆ ಅಂಗಡಿಯಲ್ಲಿ ವಿಲ್ಮಾಳ ಟೀವಿ ಜೋಕನ್ನು ಕೇಳದ ಗಿರಾಕಿಯೇ ಇರಲಿಲ್ಲ.

"ಒಂದು... ಅದು ಬೇಕಿತ್ತು" ಎಂದಳು.

"ಯಾವ್ದು?" ಎಂದ ಡೆನ್ನಿ, ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ.

"ಗೊತ್ತಿದ್ದೂ ಕೇಳ್ಬೇಡ."

"ನಿನ್ನ ಬಸ್ಸಿನ ಡ್ರೈವರ್ ಸೀಟಿನಡಿ ಗಾಳಿ ಸ್ಪ್ರಿಂಗ್ ಇದೆಯಲ್ವಾ ಅಕ್ಕ? ಎಷ್ಟು ವರ್ಷದಿಂದ ಕೂತಿದೀಯ ಅದ್ರ ಮೇಲೆ?"

"ಅದು ಶಾಲೆಯವ್ರ ಸೀಟು. ನನ್ನ ಕೇಳಿ ಹಾಕ್ಸಿದ್ದಲ್ಲ."

ಅಂಗಡಿಯ ಹಿಂದೆ ಡೆನ್ನಿ ಕಲ್ಲು ಸುರಿದು ಒಂದು ಚಿಕ್ಕ ದಾರಿ ಮಾಡಿದ್ದ. ಅಲ್ಲಿ ಮೂರು ಸೈಕಲ್ಲು ಹತ್ತಿ ನೋಡಿದಳು. ಮೊದಲನೆಯದು ಪಂದ್ಯದವರದು, ಹಗುರ. ಚಕ್ರ ಮೇಲೆ ಕೆಳಗೆ ಆಡುವುದು ಬರೀ ನಾಲ್ಕು ಬೆರಳಗಲ. ಏರಿಗೆ ಚಿಮ್ಮಿತು, ಕಲ್ಲು ಸಿಕ್ಕ ಕೂಡಲೇ ಕತ್ತೆಯಂತೆ ಒದೆಯಿತು. ಎರಡನೆಯದು ಬೆಟ್ಟದಿಂದ ಧುಮುಕುವವರದು, ಎಂಟು ಬೆರಳಗಲ. ಕಲ್ಲು ಇದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ತುಳಿದರೆ ಅರ್ಧ ಶಕ್ತಿಯನ್ನು ಅದೇ ನುಂಗುತ್ತಿತ್ತು. "ಇದು ನಿಜವಾದ ಸೋಫಾ" ಎಂದು ಇಳಿದಳು. ಮೂರನೆಯದು ಆರು ಬೆರಳಗಲದ್ದು. ಏರಿಗೂ ಬಗ್ಗಿತು, ಕಲ್ಲಿಗೂ ಬಗ್ಗಿತು, ಕಲ್ಲು ಇದೆ ಎನ್ನುವುದನ್ನು ಹೇಳಿಯೂ ಹೇಳಿತು. ಬಣ್ಣ ಮಾತ್ರ ನೇರಳೆ. ಬೇರೆ ಬಣ್ಣ ಬರುವುದು ಸೆಪ್ಟೆಂಬರಿಗೆ ಎಂದ ಡೆನ್ನಿ. ವಿಲ್ಮಾ ನೇರಳೆಯನ್ನೇ ಒಪ್ಪಿಕೊಂಡಳು.

ಕಷ್ಟ ಬಂದದ್ದು ಆಮೇಲೆ. ಸವಾರರ ತೂಕಕ್ಕೆ ತಕ್ಕಂತೆ ಹಿಂದಿನ ಚಕ್ರದ ಪೆಟ್ಟು ನುಂಗುವ ಶಾಕಿಗೆ ಗಾಳಿ ಹಾಕಬೇಕು. "ನೀರು, ಸಲಕರಣೆ ಎಲ್ಲ ಸೇರಿ ತೂಕ ಎಷ್ಟು?" ಎಂದು ಡೆನ್ನಿ ಕೇಳಿದ. ವಿಲ್ಮಾ ಹಾರ್ಲನ್ ಕಡೆ ನೋಡಿದಳು. ಇಪ್ಪತ್ತೊಂಬತ್ತು ವರ್ಷ ಈ ಒಂದು ವಿಷಯ ಅವನಿಗೆ ಗೊತ್ತಾಗದಂತೆ ಕಾಪಾಡಿದ್ದಳು. ಹಾರ್ಲನ್ ತಾನಾಗಿಯೇ ಹೊರಗೆ ಹೋಗಿ ಕಿಟಕಿಗೆ ಬೆನ್ನು ಹಾಕಿ ನಿಂತ. ವಿಲ್ಮಾ ಒಂದು ಸಂಖ್ಯೆ ಹೇಳಿದಳು. ಡೆನ್ನಿ ಅಷ್ಟಕ್ಕೆ ಗಾಳಿ ತುಂಬಿ ಅವಳನ್ನು ಕೂರಿಸಿದ. ಎಷ್ಟು ಕುಸಿಯಿತೆಂದು ತೋರಿಸುವ ರಬ್ಬರ್ ಉಂಗುರ ಆ ತೂಕಕ್ಕೆ ಇರಬೇಕಾದ ಗೆರೆ ದಾಟಿ ಸಾಕಷ್ಟು ಕೆಳಗೆ ಹೋಗಿ ನಿಂತಿತು. ಇಬ್ಬರೂ ಅದನ್ನೇ ನೋಡಿದರು. ಡೆನ್ನಿ ಇನ್ನಷ್ಟು ಗಾಳಿ ತುಂಬಿದ.

ಮುಂದಿನ ಎರಡು ಶನಿವಾರ, ಎರಡು ಭಾನುವಾರ ಕಲ್ಲುಗಳನ್ನು ವಾಪಸ್ ಕೂರಿಸುವ ಕೆಲಸ ನಡೆಯಿತು. ಹಾರ್ಲನ್ ಎತ್ತಿದ, ವಿಲ್ಮಾ ವಿಳಾಸ ಓದಿದಳು. ಹತ್ತೊಂಬತ್ತನೆಯದಕ್ಕೆ ಬಂದಾಗ ಅವನು ಅದನ್ನು ಗಾಡಿಯಿಂದ ಇಳಿಸಲಿಲ್ಲ. ಅದು ಹಂದಿಮೂತಿ.

"ಇದೊಂದು ಬಿಟ್ಬಿಡೋಣ್ವೇನೇ? ಯಾರಿಗೆ ಗೊತ್ತಾಗುತ್ತೆ?"

"ನಂಗೆ. ಇಡು."

ಅವನಿಗೆ ಇಷ್ಟವಿರಲಿಲ್ಲ. ಆದರೂ ಇಟ್ಟ, ಮೂತಿ ಪಶ್ಚಿಮಕ್ಕೆ.

ಬುಧವಾರ ಸಂಜೆ ಸಂಘದವರೆಲ್ಲ ನೇರಳೆ ಸೈಕಲ್ಲನ್ನು ನೋಡಿದರು. ಟೀವಿ ಎಲ್ಲಿ ಎಂದು ಹನ್ನೊಂದು ಜನ ಕೇಳಿದರು. ವಿಲ್ಮಾ ಹನ್ನೊಂದು ಜನಕ್ಕೂ "ಮನೇಲಿದೆ" ಎಂದು ಹೇಳಿ ಮೊದಲು ಹೊರಟಳು. ಏರಿನಲ್ಲಿ ಉಸಿರು ಕಟ್ಟಿತು, ಬೆನ್ನು ಸುಮ್ಮನಿತ್ತು. ಹದಿನೇಳು ದಾಟಿತು, ಹದಿನೆಂಟು ದಾಟಿತು. ಹಂದಿಮೂತಿ ಹತ್ತಿರ ಬಂದಾಗ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಮುಂದಿನ ಚಕ್ರ ಹತ್ತಿತು. ಹಿಂದಿನದು ಒಳಕ್ಕೆ ಮಡಿಸಿಕೊಂಡು ಕಲ್ಲಿನ ಮೇಲೆ ಹಾದು ಹೋಯಿತು. ಪೆಟ್ಟು ಬೆನ್ನಿಗೆ ಬರಲೇ ಇಲ್ಲ.

ಕೊನೆಯ ಕಲ್ಲಿಗೆ ಇನ್ನು ಹತ್ತು ಗಜ ಇರುವಾಗ ದಾರಿಯ ಪಕ್ಕದಲ್ಲಿ ಹಾರ್ಲನ್ ಕಾಣಿಸಿದ. ಒಂದು ಕೈಯಲ್ಲಿ ಡೋರಿಸಳ ಹಗ್ಗ, ಇನ್ನೊಂದರಲ್ಲಿ ಮನೆಯಿಂದ ತಂದ ಅದೇ ದಿಂಬು. ಅವಳು ಬಿದ್ದೇ ಬೀಳುತ್ತಾಳೆಂದು ನಂಬಿ ಬಂದು ನಿಂತಿದ್ದ. ವಿಲ್ಮಾ ಬ್ರೇಕು ಹಿಡಿದು ಕಾಲನ್ನು ನೆಲಕ್ಕೆ ಊರಿದಳು.

"ಯಾಕೆ ನಿಲ್ಲಿಸ್ದೆ?" ಎಂದು ಅವನು ಗಾಬರಿಯಾದ. "ಇನ್ನೊಂದೇ ಕಲ್ಲಿತ್ತಲ್ಲೇ!"

"ಇರ್ಲಿ ಬಿಡು, ದಿಂಬು ಹೊತ್ಕೊಂಡು ಬಂದಿದೀಯಲ್ಲ" ಎಂದು ವಿಲ್ಮಾ ದಿಂಬು ಇಸಿದುಕೊಂಡು ಅವನ ಪಕ್ಕ ಕೂತಳು. ಹಿಂದೆ ಬಂದ ಹನ್ನೊಂದು ಜನರೂ ಅವಳ ಕಾಲು ನೆಲದ ಮೇಲಿರುವುದನ್ನು ನೋಡುತ್ತಲೇ ದಾಟಿ ಹೋದರು.