ಪಟ್ಟಿಯ ಎರಡನೇ ಸಾಲು

ನನ್ನ ಗಂಡನಿಗೆ ಆಫೀಸಿನಲ್ಲಿ ‘ಹಳೇದಿರಲಿ’ ಎಂದು ಅಡ್ಡಹೆಸರು. ಇಪ್ಪತ್ತು ವರ್ಷದಿಂದ ಅಲ್ಲಿನ ಕಂಪ್ಯೂಟರುಗಳ ಉಸಾಬರಿಯೆಲ್ಲ ಇವರದೇ. ಕರ್ನಲ್ ಎಂದರೆ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮು, ಒಳಗಿನ ಯಜಮಾನ. ಡಿಸ್ಕು, ಸ್ಪೀಕರು ಎಲ್ಲ ಅದರ ಮಾತು ಕೇಳಿಯೇ ನಡೆಯಬೇಕು. ಯಾರು ಹೊಸ ಕರ್ನಲ್ ಕಟ್ಟಿದರೂ ಇವರದು ಒಂದೇ ಮಾತು: “ಹಳೇದಿರಲಿ, ಅಳಿಸ್ಬೇಡ್ರಪ್ಪ.” ಹೊಸದು ಕೈಕೊಟ್ಟರೆ, ಯಂತ್ರ ಏಳುವಾಗ ಬರುವ ಪಟ್ಟಿಯಲ್ಲಿ ಒಂದು ಸಾಲು ಕೆಳಗಿಳಿದು ಹಳೆಯದನ್ನು ಆರಿಸಿದರಾಯಿತು. ನನಗೂ ಇದನ್ನು ಕಲಿಸಿದವರು ಅವರೇ. ಆಗ ನಾನು ಪಕ್ಕದ ಮೇಜಿನವಳು.

ಈಗ ಮಂಚದವಳು. ಮೂರು ವರ್ಷದ ಹಿಂದೆ ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿ ಮಾತು ಹೋಯಿತು, ಕೈಕಾಲು ಹೋದವು. ಬಲಗೈ ಹೆಬ್ಬೆರಳೊಂದು ಉಳಿಯಿತು. ಅದರಡಿ ಒಂದು ಬಟನ್. ಪರದೆಯಲ್ಲಿ ಅಕ್ಷರಗಳು ಓಡುತ್ತವೆ, ಬೇಕಾದಾಗ ಒತ್ತುತ್ತೇನೆ, ಯಂತ್ರ ನನ್ನ ಬದಲು ಮಾತಾಡುತ್ತದೆ. ಮುದಿ ಯಂತ್ರ. ದನಿ ಬರುವಷ್ಟರಲ್ಲಿ ಜಗಳವೇ ಆರಿಹೋಗಿರುತ್ತದೆ.

ಅದನ್ನು ಚುರುಕು ಮಾಡಲೆಂದು ಶನಿವಾರ ಬೆಳಿಗ್ಗೆ ಹೊಸ ಕರ್ನಲ್ ಕಟ್ಟಲು ಕೂತರು. ಬೇಡದ ಭಾರ ಇಳಿಸಲು ಒಂದು ಸುಲಭದ ಆಜ್ಞೆಯಿದೆ: ಆ ಗಳಿಗೆಯಲ್ಲಿ ಯಂತ್ರಕ್ಕೆ ಏನೇನು ಚುಚ್ಚಿದೆಯೋ ಅಷ್ಟಕ್ಕೆ ಬೇಕಾದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ನನ್ನ ಬಟನ್ ಆಗ ತೊಳೆಸಿಕೊಂಡು ಕಿಟಕಿಯಲ್ಲಿ ಒಣಗುತ್ತಿತ್ತು; ಹೊಸದಕ್ಕೆ ಅದರ ಗುರುತೇ ಸಿಗುವುದಿಲ್ಲ. ಅಯ್ಯೋ, ಹೇಳುವುದು ಹೇಗೆ? ಕಣ್ಣು ಪಿಳುಕಿಸಿದೆ.

“ನೀರು ಬೇಕಾ?” ಎಂದರು.

ಹೊಸದು ಏಳಲೇ ಇಲ್ಲ. ಕಪ್ಪು ಪರದೆಯ ಮೇಲೆ, ಡಿಸ್ಕ್ ಸಿಗುತ್ತಿಲ್ಲ ಎಂಬ ಬಿಳಿ ಸಾಲು. ಉತ್ಸಾಹದಲ್ಲಿ ಕತ್ತರಿಸುತ್ತ, ಡಿಸ್ಕಿನ ಜೊತೆ ಮಾತಾಡುವ ಡ್ರೈವರ್ ಎಂಬ ತುಣುಕನ್ನೂ ಕತ್ತರಿಸಿದ್ದರು. ಹಾಳಾಗಲಿ, ಹಳೆಯದಿದೆಯಲ್ಲ! ಪ್ರತಿ ಸಲ ಯಂತ್ರ ಹಚ್ಚಿದಾಗಲೂ ಪಟ್ಟಿ ಬರುತ್ತಿತ್ತು, ಎರಡನೇ ಸಾಲಿನಲ್ಲಿ ಅದು ಕೂತಿತ್ತು. ಕೆಳಗಿಳೀರಿ, ಒಂದೇ ಒಂದು ಸಾಲು, ಎಂದು ಒಳಗೊಳಗೇ ಕಿರುಚಿದೆ. ಇವರು ಇಳಿಯಲಿಲ್ಲ. ಲ್ಯಾಪ್‌ಟಾಪಿನಲ್ಲಿ ಮತ್ತೆ ಕಟ್ಟಲು ಕೂತರು.

ಸಂಜೆ ಅತ್ತಿಗೆ ಬಂದರು. ಇವರ ಅಕ್ಕ, ಬಾಯಿ ಸುಮ್ಮನಿರದ ಹೆಂಗಸು. “ಏನೋ ಇದು, ಬೆಳಗಿಂದ ಅವಳ ಬಾಯಿ ಕಟ್ಟಿಹಾಕಿದ್ದೀಯ? ಹಳೇದು ಇಟ್ಟಿರ್ತೀಯಲ್ಲ, ಅದನ್ನೇ ಹಾಕೋ.”

“ಅದೂ ಅಳಿಸಿಹೋಯ್ತು ಅಕ್ಕ,” ಎಂದರು.

ನಾನು ಇವರ ಮುಖ ನೋಡಿದೆ. ಅಲ್ಲಿ ಏನೂ ಇರಲಿಲ್ಲ, ಸುಳ್ಳು ಹೇಳಿದ ಅಳುಕೂ ಇರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗೋಡೆ ನೋಡುತ್ತ ಮಲಗಿದೆ.

ಭಾನುವಾರ ಯಂತ್ರ ಎದ್ದಿತು, ಆದರೆ ಬಟನ್ ಯಾರೆಂದು ಅದಕ್ಕೆ ಗೊತ್ತೇ ಇರಲಿಲ್ಲ. ಇವರು ನಿಧಾನವಾಗಿ ಮೂರನೆಯದನ್ನು ಕಟ್ಟಿದರು. ನಡುನಡುವೆ ಬಂದು ನನ್ನನ್ನು ಮಗ್ಗುಲು ಹೊರಳಿಸಿದರು, ಬಾಯಿ ಒರೆಸಿದರು, ಹೊದಿಕೆ ಬದಲಿಸಿದರು. ಒಂದೂ ತಪ್ಪಿಸಲಿಲ್ಲ. ಆಮೇಲೆ ಕುರ್ಚಿಯಲ್ಲಿ ಕೂತು ಬರೀ ಕಿಟಕಿ ನೋಡುತ್ತಿದ್ದರು.

ಸಂಜೆ ಐದಕ್ಕೆ ಬಟನ್ ಕೆಲಸ ಮಾಡಿತು. ಎರಡು ದಿನ ಕಟ್ಟಿಕೊಂಡಿದ್ದನ್ನು ಒತ್ತಿದೆ.

“ಹಳೇದು ಇತ್ತಲ್ಲ?”

ದನಿ ತಟ್ಟನೆ ಬಂತು. ಇಷ್ಟು ಬೇಗ ಬರುತ್ತದೆಂದು ನಾನೂ ಎಣಿಸಿರಲಿಲ್ಲ.

ಇವರು ಮಂಚದ ಅಂಚಿಗೆ ಕೂತರು. “ಇತ್ತು.”

“ಮತ್ತೆ?”

“ಎರಡು ದಿನ ಯಾರೂ ನನ್ನ ಏನೂ ಕೇಳೋದು ಬೇಡ ಅನ್ನಿಸ್ತು ಕಣೇ.”

ಹೊದಿಕೆ ಎಳೀರಿ, ಕಿಟಕಿ ತೆಗೀರಿ, ಕಿಟಕಿ ಹಾಕಿ. ಮೂರು ವರ್ಷ ಆ ದನಿ ಹೇಳಿದ್ದು ಇಷ್ಟೇ. ‘ಥೂ ನಿಮ್ಮ’ ಎಂದು ಒತ್ತಿದ್ದೆ, ಒಂದೊಂದೇ ಅಕ್ಷರ ಅಳಿಸಿದೆ. ಬೇರೆ ಬರೆಯಲು ಬಹಳ ಹೊತ್ತು ಹಿಡಿಯಿತು. ಇವರು ಕಾದರು.

“ಇನ್ಮೇಲೆ ಭಾನುವಾರ ಭಾನುವಾರ ಬಟನ್ ತೊಳೆದಿಡಿ. ಒಣಗೋಕೆ ಒಂದು ದಿನ ಬೇಕು.”

ಅದು ಒಣಗಲು ಒಂದು ಗಂಟೆ ಸಾಕೆಂದು ಇಬ್ಬರಿಗೂ ಗೊತ್ತು.

“ಸರಿ,” ಎಂದರು.